ಸೆಂಟ್ರಿಂಗ್ ಹಲಗೆಯ ಮಂಚ

ನಮ್ಮ ಅತ್ತೆಯವರ ಮಂಚದ ಸುದ್ದಿ ಕಾಪುವಿನಿಂದ ಹೊರಟು ಕಾರ್ಕಳ, ಮಣಿಪಾಲ ಸುತ್ತಿ ಮುಂಬಯಿವರೆಗೆ ಹೋಗಿ ಮುಟ್ಟಿದೆ. "ಅತ್ತೆಗೆ ಸೆಂಟ್ರಿಂಗ್ ಮರದಲ್ಲಿ ಮಂಚ ಮಾಡಿಸಿದ್ದಾಳಂತೆ" ಅಂತ ಒಬ್ಬರು, "ನೋಡ್ಲಿಕ್ಕೆ ಭಾರೀ ಚೆಂದ ಉಂಟಂತೆ, ಹೇಗೆ ಮಾಡಿಸಿದ್ದು?" ಅಂತ ಇನ್ನೊಬ್ಬರು. ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗಿತು ಮಾರಾಯ್ರೆ. ಬೈದವರಿಗೂ ಹೊಗಳಿದವರಿಗೂ ಒಟ್ಟಿಗೇ ಉತ್ತರ ಆಗ್ಲಿ ಅಂತ ಇಲ್ಲಿ ಬರೀತಾ ಇದ್ದೇನೆ. ಮಂಚಕ್ಕೆ ಒಂದು ಮಳೆಗಾಲ ಕಳೆದಿದೆ. ಇನ್ನು ಧೈರ್ಯದಲ್ಲಿ ಮಾತಾಡಬಹುದು.

ವಿಷಯ ಶುರುವಾದ್ದು ಬಾರ್ಕೂರು ಕಡೆಯ ಹಳೆ ಮನೆ ಪಾಲಾದಾಗ. ಅತ್ತೆಗೆ 82 ವರ್ಷ. ಮನೆ ಬಿಟ್ಟು ನಮ್ಮಲ್ಲಿಗೆ ಬರುದು ಅಂತ ಆಯ್ತು. ಅವರು ಮದುವೆಯಾಗಿ ಬಂದಾಗಿನಿಂದ ಮಲಗುತ್ತಿದ್ದ ಹಲಸಿನ ಮರದ ಗಿಡ್ಡ ಮಂಚ ಬೇರೆ ಪಾಲಿಗೆ ಹೋಯ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದೇ ನಮಗೆ ಕಷ್ಟ ಆದ್ದು. ಇಲ್ಲಿ ಮಗಳ ಮಂಚ ಕೊಟ್ಟೆವು. ಅದು 18 ಇಂಚು ಎತ್ತರ, ಮೇಲೆ 6 ಇಂಚಿನ ಹಾಸಿಗೆ. ಕೂತರೆ ಅತ್ತೆಯ ಕಾಲು ನೆಲಕ್ಕೆ ತಾಗುದಿಲ್ಲ. ರಾತ್ರಿ ಎರಡು ಸಲ ಏಳುವ ಮಂಡಿ ನೋವಿನ ಜೀವ, ಜಾರಿ ಇಳಿದು ಒಂದು ದಿನ ಗೋಡೆ ಹಿಡಿದು ನಿಂತಿದ್ರು. ಮರುದಿನದಿಂದ ನೆಲದಲ್ಲಿ ಚಾಪೆ ಹಾಕಿ ಮಲಗ್ಲಿಕ್ಕೆ ಶುರು. ನೆಲದಿಂದ ಏಳುದಂತೂ ಇನ್ನೂ ಕಷ್ಟ.

ಅಂಗಡಿಯಲ್ಲಿ ಗಿಡ್ಡ ಮಂಚ ಹುಡುಕಿದೆವು. ಸಿಕ್ಕಿದ್ದೆಲ್ಲ ಒಂದೇ ಎತ್ತರ. ಸಾಗುವಾನಿಯಲ್ಲಿ ಅಳತೆಗೆ ಮಾಡಿಸಿದರೆ 45 ಸಾವಿರ ಅಂದ್ರು. ಅತ್ತೆಗಾಗಿ ಕೆಳಗೆ ಬಚ್ಚಲು ಕಟ್ಟಿಸಿ, ಎದುರಿಗೆ ಸಣ್ಣ ಜಗಲಿಗೆ ಸ್ಲ್ಯಾಬ್ ಹಾಕಿಸಿ ನಮ್ಮ ಕೈ ಆಗಲೇ ಖಾಲಿಯಾಗಿತ್ತು. ಇನ್ನೊಂದು ಸಾಲ ಬೇಡ ಅಂತ ನಾನೂ ನಮ್ಮವರೂ ಗಟ್ಟಿ ಮಾಡಿಕೊಂಡಿದ್ದೆವು.

ಆ ಸ್ಲ್ಯಾಬಿಗೆ ತಂದ ಹಲಗೆ 22 ಹಿಂದಿನ ಕೊಟ್ಟಿಗೆಯಲ್ಲಿ ಉಳಿದಿತ್ತು. ಈಗ ದೊಡ್ಡ ಕೆಲಸಕ್ಕೆಲ್ಲ ಕಬ್ಬಿಣದ ಶೀಟು ಬಂದಿದೆ, ಸಣ್ಣ ಕೆಲಸಕ್ಕೆ ಮಾತ್ರ ಇನ್ನೂ ಹಲಗೆಯೇ. ಮೇಸ್ತ್ರಿ ಹಲಗೆಗೆ 60 ರೂಪಾಯಿ ಹಾಗೆ ಕೊಂಡು ಹೋಗ್ತೇನೆ ಅಂದ್ರು. ಅದನ್ನು ನೋಡ್ಲಿಕ್ಕೆ ಬಂದ ಆಚಾರ್ರು, ಬಾಗಿಲು ಸರಿ ಮಾಡ್ಲಿಕ್ಕೆ ಬಂದವರು, ಒಂದು ಹಲಗೆ ಎತ್ತಿ ತೂಗಿ ನೋಡಿ, ಮೂಲೆಯನ್ನು ಉಳಿಯಲ್ಲಿ ಸ್ವಲ್ಪ ಕೆರೆದು, "ಅಕ್ಕ, ಇದನ್ನು ಕೊಡಬೇಡಿ. ಇದರಲ್ಲಿ ಏಳೆಂಟು ಮಾವು, ಉಳಿದದ್ದು ಹೆಚ್ಚಿನದು ಹಾಲೆ ಮರ" ಅಂದ್ರು.

ಹಾಲೆ ಮರ ಅಂದ್ರೆ ಬೇರೆ ಯಾವುದೂ ಅಲ್ಲ, ಆಟಿ ಅಮಾವಾಸ್ಯೆಯ ಬೆಳಗ್ಗೆ ತೊಗಟೆ ಜಜ್ಜಿ ನಾವು ಕಷಾಯ ಕುಡಿಯುವ ಪಾಲೆ ಮರ. ಹಗುರ, ಮೆತ್ತಗೆ, ಬಿಳಿ. ಪೆಟ್ಟಿಗೆಗೆ, ಸೆಂಟ್ರಿಂಗಿಗೆ ಹೋಗುವ ಮರ. ಆದರೆ ಅದರ ಶಾಸ್ತ್ರದ ಹೆಸರು ಆಲ್‌ಸ್ಟೋನಿಯಾ ಸ್ಕಾಲರಿಸ್. ಹಿಂದೆ ಶಾಲೆಯ ಕಪ್ಪುಹಲಗೆ ಇದರಲ್ಲೇ ಮಾಡ್ತಿದ್ದದ್ದರಿಂದ ಆ ಹೆಸರು. ಎಷ್ಟೋ ಮಕ್ಕಳು ಅದರ ಮೇಲೆ ಬರೆದು ಕಲಿತರು, ಯಾರೂ ಅದನ್ನು ಕಳಪೆ ಅನ್ನಲಿಲ್ಲ.

ಸುದ್ದಿ ತಿಳಿದ ನಾದಿನಿ ಫೋನು ಮಾಡಿದಳು. "ಅತ್ತಿಗೆ, ಅಮ್ಮನಿಗೆ ಇಷ್ಟು ವಯಸ್ಸಿಗೆ ಕಾಂಕ್ರೀಟಿನ ಹಲಗೆಯಾ? ಜನ ಎಂತ ಹೇಳಿಯಾರು?" ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಹಿರಿಯರಿಗೆ ಕೊಡುವ ವಸ್ತುವಿನಲ್ಲಿ ಮರ್ಯಾದೆ ಇರಬೇಕು. ಅತ್ತೆಯೂ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಅವರ ಭಾಷೆಯಲ್ಲಿ ಕೇಳಿಯೇ ಬಿಟ್ರು, "ಸಿಮೆಂಟ್ ಹೊಯ್ದ್ ಹಲ್ಗಿ ಅಲ್ದಾ ಅದ್? ಅದ್ರ್ ಮೇಲ್ ನಾನ್ ಮಲ್ಕಂಬ್ದಾ?" ಅಂತ. ನಾನು, "ಅತ್ತೆ, ಮಂಚ ಆದ ಮೇಲೆ ನೋಡಿ. ನಿಮಗೆ ಬೇಡ ಅಂದ್ರೆ ನಾನು ಮಲಗ್ತೇನೆ" ಅಂದೆ. ಅವರು ನಕ್ಕೂ ಇಲ್ಲ, ಬೇಡ ಅಂತಲೂ ಹೇಳಲಿಲ್ಲ.

ಆ ದಿನಗಳಲ್ಲೇ ಮುಂಬಯಿಯಿಂದ ನೆಂಟರು ಬಂದಿದ್ರು, ಅವರೊಟ್ಟಿಗೆ ಮಣಿಪಾಲದ ಹೆರಿಟೇಜ್ ವಿಲೇಜಿಗೆ ಹೋದೆವು. 2017ರಲ್ಲಿ ತೀರಿಹೋದ ವಿಜಯನಾಥ ಶೆಣೈಯವರು ಕಟ್ಟಿದ್ದು ಅದು. ಹಳೆ ಮನೆ ಕೆಡವುವಲ್ಲಿ ಜನ ಬಿಸಾಡಿದ ಕಂಬ, ಬಾಗಿಲು, ತೊಲೆ ಎಲ್ಲ ತಂದು, ಒಂದೊಂದೇ ಬಿಡಿಸಿ, ಮತ್ತೆ ಜೋಡಿಸಿ ಇಡೀ ಮನೆಗಳನ್ನೇ ಎಬ್ಬಿಸಿದ್ದಾರೆ. ಕುಂಜೂರು ಚೌಕಿ ಮನೆಯ ಎದುರು ನಿಂತಾಗ ಅತ್ತೆಯದ್ದೇ ನೆನಪು. ಅಲ್ಲಿ ಇರುದು ಮಾತ್ರ ಶ್ರೀಮಂತರ ಮನೆಯ ಒಳ್ಳೆ ಜಾತಿಯ ಮರ. ನನ್ನ ಕೊಟ್ಟಿಗೆಯಲ್ಲಿದ್ದದ್ದು ಹುಟ್ಟುವಾಗಲೇ ಸೆಂಟ್ರಿಂಗಿಗೆ ಅಂತ ಕೊಯ್ದ ಮರ. ಹೋಲಿಸ್ಲಿಕ್ಕೆ ಆಗುದಿಲ್ಲ.

ಆದರೆ ಅಗ್ಗದ ಮರದಲ್ಲಿ ಚೆಂದದ ಕೆಲಸ ನಮ್ಮೂರಿಗೆ ಹೊಸತಾ? ಯಕ್ಷಗಾನದಲ್ಲಿ ರಾಜವೇಷ ರಂಗಕ್ಕೆ ಬಂದಾಗ ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಬಂಗಾರದ ಹಾಗೆ ಹೊಳೀತದಲ್ಲ, ಒಳಗೆ ಇರುದು ಹಗುರ ಮರ, ಮೇಲೆ ಬೇಗಡೆ, ಕನ್ನಡಿ ಚೂರು. ಗಟ್ಟಿ ಮರದಲ್ಲಿ ಮಾಡಿದರೆ ರಾತ್ರಿಯಿಡೀ ಹೊತ್ತು ಕುಣಿಯುವವರು ಯಾರು? ಉಡುಪಿಯಲ್ಲಿ ಪರ್ಯಾಯಕ್ಕೆ ಮೊದಲು ಕಟ್ಟಿಗೆ ಮುಹೂರ್ತ ಆಗಿ, ಮಧ್ವ ಸರೋವರದ ಹತ್ತಿರ ಒಲೆಗೆ ಹೋಗುವ ಸೌದೆಯನ್ನೇ ರಥದ ಹಾಗೆ ಒಟ್ಟುತ್ತಾರೆ. ನಾಳೆ ಉರಿದು ಹೋಗುವ ಕಟ್ಟಿಗೆಗೂ ಅಷ್ಟು ಲೆಕ್ಕ, ಅಷ್ಟು ಸಾಲು. ಹಾಗಾಗಿ ನನ್ನ ಮನಸ್ಸು ಗಟ್ಟಿಯಾಯ್ತು. ಮರದ ಕ್ರಯ ಒಂದು, ಅದಕ್ಕೆ ನಾವು ಕೊಡುವ ಗಮನದ ಕ್ರಯ ಇನ್ನೊಂದು. ಅತ್ತೆಗೆ ಸಿಗಬೇಕಾದ್ದು ಎರಡನೆಯದ್ದು.

ಇನ್ನು ಮಾಡಿದ್ದು ಹೇಗೆ ಅಂತ ಕೇಳಿದವರಿಗೆ, ಒಂದೊಂದಾಗಿ ಹೇಳ್ತೇನೆ.

ಮೊದಲು ಆರಿಸುದು. ತರಕಾರಿ ಆರಿಸಿದ ಹಾಗೆಯೇ. ಸೆಂಟ್ರಿಂಗಿಗೆ ಕೆಲವರು ಹಲಗೆಗೆ ಹಳೆ ಇಂಜಿನ್ ಎಣ್ಣೆ ಬಳೀತಾರೆ, ಕಾಂಕ್ರೀಟು ಅಂಟದ ಹಾಗೆ. ಆ ಎಣ್ಣೆ ಕುಡಿದ ಹಲಗೆಗೆ ಅಂಟು ಹಿಡಿಯುದಿಲ್ಲ, ಪಾಲಿಷ್ ಕೂರುದಿಲ್ಲ, ವಾಸನೆಯೂ ಹೋಗುದಿಲ್ಲ. ಮಂಚಕ್ಕೆ, ಅಡುಗೆ ಮನೆಗೆ ಅದು ಬೇಡವೇ ಬೇಡ. ಮರದ ನಡು ತಿರುಳು ಇರುವ ಹಲಗೆ ಸೀಳ್ತದೆ, ಅದೂ ಬೇಡ. ಹೀಗೆ 6 ಹಲಗೆ ಬದಿಗೆ ಹೋಯ್ತು. ಉಳಿದದ್ದರಲ್ಲಿ ಗಂಟು ಇರುವ ಜಾಗಕ್ಕೆ ಆಚಾರ್ರು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ರು. 8 ಅಡಿ ಹಲಗೆಯಲ್ಲಿ ಗಂಟು ಬಿಟ್ಟು 3 ಅಡಿಯ ಒಳ್ಳೆ ತುಂಡು ಎರಡು ಸಿಕ್ಕಿದರೆ ಸಾಕು, ಮಂಚದ ಅಡ್ಡಪಟ್ಟಿಗೆ ಅಷ್ಟೇ ಉದ್ದ ಬೇಕಾದ್ದು. ಅಗ್ಗದ ಮರದ ಗುಟ್ಟು ಇದೇ ಅಂತೆ. ಇಡೀ ಹಲಗೆ ಒಳ್ಳೆಯದಿರುದಿಲ್ಲ, ಒಳ್ಳೆಯ ತುಂಡು ಎಲ್ಲದರಲ್ಲೂ ಇರ್ತದೆ.

ಎರಡನೆಯದ್ದು ಒಣಗಿಸುದು. ಕಾಂಕ್ರೀಟಿನ ನೀರು ಕುಡಿದ ಹಲಗೆ ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ. ಬಿಸಿಲಿಗೆ ಹಾಕ್ಲಿಕ್ಕೆ ಇಲ್ಲ, ಹಪ್ಪಳದ ಹಾಗೆ ಸುರುಟಿ ಹೋಗ್ತದೆ. ದೀಪಾವಳಿ ಕಳೆದ ಮೇಲೆ ಕೊಟ್ಟಿಗೆಯ ನೆರಳಿನಲ್ಲಿ, ನೆಲದಿಂದ ಒಂದು ಅಡಿ ಮೇಲೆ, ಒಂದು ಸಾಲು ಹಲಗೆ, ಅದರ ಮೇಲೆ ಅಡ್ಡಕ್ಕೆ ರೀಪಿನ ತುಂಡು, ಮತ್ತೆ ಹಲಗೆ, ಹೀಗೆ ಗಾಳಿಯಾಡುವ ಹಾಗೆ ಒಟ್ಟಿದೆವು. ರೀಪಿನ ತುಂಡು ಒಂದರ ನೇರಕ್ಕೆ ಒಂದು ಬರಬೇಕು. ಮೇಲೆ ನಾಲ್ಕು ಕೆಂಪುಕಲ್ಲು ಭಾರಕ್ಕೆ.

ಒಣಗಿದ್ದು ಗೊತ್ತಾಗುದು ಹೇಗೆ? ಅಡುಗೆ ಮನೆಯ ತೂಕದ ಯಂತ್ರ ಇದೆಯಲ್ಲ, ಅದರಲ್ಲಿ. ಒಂದು ಹಲಗೆಯಿಂದ ಒಂದೂವರೆ ಅಡಿ ತುಂಡು ಕೊಯ್ದು ರಾಶಿಯ ನಡುವಿಗೇ ಇಟ್ಟು, ಪ್ರತಿ ಆದಿತ್ಯವಾರ ತೂಗಿ ಕ್ಯಾಲೆಂಡರಿನಲ್ಲಿ ಬರೆದೆ. ಮೊದಲು 1,240 ಗ್ರಾಂ ಇದ್ದದ್ದು ಡಿಸೆಂಬರ್ ಕೊನೆಗೆ 1,080 ಆಯ್ತು. ಫೆಬ್ರವರಿಯಲ್ಲಿ 1,010ಕ್ಕೆ ಬಂದು ಮೂರು ವಾರ ಅಲ್ಲೇ ನಿಂತಿತು. ತೂಕ ಇಳಿಯುದು ನಿಂತಿತು ಅಂದ್ರೆ ಮರ ಈ ಊರಿನ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿತು ಅಂತ ಲೆಕ್ಕ. ಪಾಕದ ಹದ ನೋಡಿದ ಹಾಗೆ, ಅಷ್ಟೇ.

ಮೂರನೆಯದ್ದು ಮೊಳೆ ಮತ್ತೆ ಸಿಮೆಂಟು. ಒಳಗೆ ತುಂಡಾದ ಮೊಳೆ ಉಳಿದಿದ್ದರೆ ಕೀಸುಳಿಯ ಅಲಗು ಹಾರಿ ಹೋಗ್ತದೆ, ಮಿಷನ್ನಾದರೆ ಕಣ್ಣಿಗೂ ಅಪಾಯ. ಹಳೆ ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ಎಳೆದುಕೊಂಡು ಹೋದೆ. ಮೊಳೆ ಇದ್ದಲ್ಲಿ ಟಕ್ಕಂತ ನಿಲ್ತದೆ. ಒಟ್ಟು 31 ತೆಗೆದೆವು. ಸಿಮೆಂಟನ್ನು ತೊಳೀಲಿಕ್ಕೆ ಹೋಗದೆ ತಂತಿ ಬ್ರಷ್ಷಿನಲ್ಲಿ ಒಣಗಿದ್ದನ್ನೇ ಉಜ್ಜಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಆ ಧೂಳು ಒಳ್ಳೆಯದಲ್ಲ.

ಮಂಚದ ಕಾಲಿಗೆ ಮಾತ್ರ ಹಾಲೆ ಮರ ಸಾಲುದಿಲ್ಲ. ಹಂಚಿನ ಮನೆ ಕೆಡವಿದ ಸಾಮಾನು ಮಾರುವಲ್ಲಿಂದ ಕಿರಾಲ್‌ಬೋಗಿಯ ಹಳೆ ಪಕ್ಕಾಸು ತಂದ್ರು, 1,600 ರೂಪಾಯಿ. ಎರಡೆರಡು ತುಂಡು ಒಂದಕ್ಕೊಂದು ಅಂಟಿಸಿ ನಾಲ್ಕು ಕಾಲು. ಹೊರಗೆ ಮಸಿ ಹಿಡಿದ ಕಪ್ಪು, ಒಂದು ಸಲ ಕೀಸಿದರೆ ಒಳಗೆ ಜೇನಿನ ಬಣ್ಣ! ಅದೇ ಪಕ್ಕಾಸಿನ ಒಂದು ಉದ್ದ ತುಂಡು ಮಂಚದ ನಡುವಿಗೆ ತಲೆಯಿಂದ ಕಾಲಿನವರೆಗೆ ಹಾಕಿದ್ರು, ಮೆತ್ತಗಿನ ಅಡ್ಡಪಟ್ಟಿ ಬಾಗದ ಹಾಗೆ. ಎರಡು ಬದಿಗೆ ಮಾವಿನ ಹಲಗೆ. ಯಾವ ಮರಕ್ಕೆ ಯಾವ ಕೆಲಸ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗೀತು ಅಂತ ಆಚಾರ್ರ ಮಾತು.

ಎತ್ತರ ನಾನೇ ಅಳೆದದ್ದು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಟೇಪಿಟ್ಟರೆ 15 ಮುಕ್ಕಾಲು ಇಂಚು. ಮರ 12 ಇಂಚು, ಹತ್ತಿಯ ಹಾಸಿಗೆ 4 ಇಂಚು. ಮನೆಯಲ್ಲಿ ವಯಸ್ಸಾದವರು ಇದ್ದರೆ ಇದೊಂದು ಅಳತೆ ತೆಗೆದಿಡಿ. ಎಷ್ಟೋ ಬೀಳುವುದು ತಪ್ಪೀತು.

ಮೊಳೆ ಹೊಡೆದು ಜೋಡಿಸಿದ್ದು ಎಲ್ಲೂ ಇಲ್ಲ. ಕಾಲಿನಲ್ಲಿ ಚೌಕ ತೂತು, ಬದಿ ಹಲಗೆಯ ತುದಿಯಲ್ಲಿ ನಾಲಗೆ, ಒಂದರೊಳಗೆ ಒಂದು. ಅಡ್ಡಪಟ್ಟಿಗೆ ಮಾತ್ರ ಸ್ಕ್ರೂ. ತಲೆಯ ಕಡೆಯ ಅಗಲ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಸುಮ್ಮನೆ ಕೂರಿಸಿದ್ದಾರೆ, ಅಂಟು ಹಾಕಲಿಲ್ಲ, ಸುತ್ತ ಸ್ವಲ್ಪ ಜಾಗ ಬಿಟ್ಟಿದ್ದಾರೆ. ನಮ್ಮ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುದು ಗೊತ್ತುಂಟಲ್ಲ. ಹಾಗೆಯೇ ಈ ಹಲಗೆಯೂ ಮಳೆಗೆ ಅಗಲ ಆಗ್ತದೆ, ಬೇಸಿಗೆಗೆ ಸಪೂರ ಆಗ್ತದೆ. ಅಂಟು ಹಾಕಿ ಬಿಗಿದರೆ ಸೀಳಿ ಹೋಗ್ತದೆ. ಆ ತಲೆಹಲಗೆಯ ಅಂಚಿಗೆ ಸಣ್ಣ ಬಳ್ಳಿ ಕೆತ್ತಿದ್ದು ಆಚಾರ್ರ ಒಟ್ಟಿಗೆ ಬಂದ ಹುಡುಗ. ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಕುಶಲಕರ್ಮಿಗಳ ಸಂಸ್ಥೆ ಉಂಟಲ್ಲ, ಕಲ್ಲು, ಮರ, ಲೋಹದ ಕೆತ್ತನೆ ಕಲಿಸುವಲ್ಲಿ, ಅಲ್ಲಿ ಕಲಿತವನು. ಹಾಲೆ ಮರ ಮೆತ್ತಗೆ ಆದ್ದರಿಂದ ಉಳಿ ತುಂಬ ಹರಿತ ಇರಬೇಕಂತೆ, ಇಲ್ಲದಿದ್ದರೆ ಎಳೆ ಕಿತ್ತು ಬರ್ತದೆ. ಗಳಿಗೆಗೊಮ್ಮೆ ಕಲ್ಲಿಗೆ ಉಳಿ ತಿಕ್ಕುತ್ತಿದ್ದ.

ಬಿಳಿ ಮರಕ್ಕೆ ಶತ್ರು ಕುಟ್ಟೆ ಹುಳು. ಕೀಸಿ ಆದ ಮೇಲೆ ಬೊರಾಕ್ಸ್ ಮತ್ತೆ ಬೋರಿಕ್ ಪೌಡರನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಹಚ್ಚಿ ಒಂದು ವಾರ ಒಣಗಿಸಿದ್ರು. ರಬ್ಬರ್ ಮರಕ್ಕೂ ಇದೇ ಮದ್ದು. ಅದು ಮಕ್ಕಳ ಕೈಗೆ ಸಿಗಬಾರದು. ಕಾಲಿನ ಬುಡಕ್ಕೆ ಮಾತ್ರ ಒರಲೆ ಹತ್ತದ ಹಾಗೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬರ್ತದೆ, ಕೈಗವಸು ಬೇಕೇ ಬೇಕು. ವಾಸನೆ ಹೋಗುವವರೆಗೆ ಹೊರಗೇ ಇಟ್ಟೆವು. ಮತ್ತೆ ನಯವಾದ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಅರಗಿನ ಪಾಲಿಷ್. ಆ ಬಿಳಿ ಹಲಗೆ ಪಾಲಿಷಿನಲ್ಲಿ ತುಪ್ಪದ ಬಣ್ಣಕ್ಕೆ ತಿರುಗಿದಾಗ ನಮ್ಮವರು ಎರಡು ಸಲ ಕೈಯಾಡಿಸಿ ನೋಡಿದ್ರು.

ಈಗ ಖರ್ಚು. ಆಚಾರ್ರು 9 ದಿನ, ದಿನಕ್ಕೆ 1,200, ಅಂದ್ರೆ 10,800. ಪಕ್ಕಾಸು 1,600. ಅಂಟು, ಸ್ಕ್ರೂ, ಪಾಲಿಷ್, ಮದ್ದು 1,500. ಒಟ್ಟು 13,900. ಬೇಡದ ಹಲಗೆಯಲ್ಲಿ ಮಾಡಿಸಿದ್ದು ಅಂದ ಕೂಡಲೇ ಪುಕ್ಕಟೆ ಅಂತ ತಿಳಿಯಬೇಡಿ. ಇಲ್ಲೇ ಮನೆಯಲ್ಲಿ ಸಣ್ಣ ಚರ್ಚೆ ಆದ್ದು. ಸಂಬಂಧಿಕರೊಬ್ಬರು ಆಚಾರ್ರ ಎದುರೇ, "60 ರೂಪಾಯಿ ಹಲಗೆಗೆ ಅಷ್ಟು ಕೂಲಿಯಾ? ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ" ಅಂದ್ರು. ಆಚಾರ್ರು ಎಂತ ಹೇಳಲಿಲ್ಲ, ತಲೆ ತಗ್ಗಿಸಿ ಕೀಸುಳಿ ಒರೆಸಿದ್ರು. ನಾನು ಸುಮ್ಮನಿರ್ಲಿಕ್ಕೆ ಆಗದೆ ಹೇಳಿದೆ, "ಸಾಗುವಾನಿ ಆಗಿದ್ದರೆ ಇವರು ಇಷ್ಟು ಕಷ್ಟ ಪಡಬೇಕಿರಲಿಲ್ಲ. ಗಂಟು ಬಿಟ್ಟು ಆರಿಸಿ, ಸೊಟ್ಟ ತೆಗೆದು, ಅಲಗು ಹತ್ತು ಸಲ ಹರಿತ ಮಾಡಿ, ಕೆಟ್ಟ ಮರದಲ್ಲಿ ಒಳ್ಳೆಯದು ತೆಗೆಯುದಕ್ಕೇ ಜಾಸ್ತಿ ದಿನ ಬೇಕಾದ್ದು." ನಮಗೂ ಇದು ಗೊತ್ತಿರುವ ವಿಷಯವೇ ಅಲ್ವಾ? ಹಲಸಿನ ರಚ್ಚೆಯಲ್ಲಿ, ಕಲ್ಲಂಗಡಿಯ ಬಿಳಿ ಸಿಪ್ಪೆಯಲ್ಲಿ ರುಚಿಯಾದ್ದು ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಅಡುಗೆ ಮನೆಯಲ್ಲಿ ನಿಂತವರಿಗೆ ಗೊತ್ತು. ತಿನ್ನುವವರು ಮಾತ್ರ "ಖರ್ಚಿಲ್ಲದೆ ಆಯ್ತಲ್ಲ" ಅಂತ ಹೇಳಿ ಎದ್ದು ಹೋಗ್ತಾರೆ. ಮರದ ಕ್ರಯ ಕಡಿಮೆ ಅಂತ ಕೆಲಸದವರ ದಿನದ ಕ್ರಯ ಕಡಿಮೆ ಆಗುದಿಲ್ಲ. ಉಳಿತಾಯ ಮಾಡುದಿದ್ದರೆ ಮರದಲ್ಲಿ ಮಾಡಿ, ಅವರ ಕೂಲಿಯಲ್ಲಿ ಬೇಡ.

ಮಂಚ ಒಳಗೆ ಬಂದ ದಿನ ಅತ್ತೆ ಕೂಡಲೇ ಕೂರಲಿಲ್ಲ. ಕನ್ನಡಕ ಹಾಕಿಕೊಂಡು ಸುತ್ತ ಬಂದ್ರು, ಬಗ್ಗಿ ಕಾಲು ನೋಡಿದ್ರು. ಬೋಗಿಯ ಗುರುತು ಅವರಿಗೆ ಹೇಳಿಕೊಡಬೇಕಾ? "ಇದ್ ಬೋಗಿ ಅಲ್ದಾ" ಅಂದ್ರು. ಬದಿ ಹಲಗೆಯಲ್ಲಿ ಒಂದು ಕಡೆ ಮೊಳೆ ತೆಗೆದ ತೂತಿಗೆ ಅದೇ ಮರದ ಸಣ್ಣ ಬಿಲ್ಲೆ ಕೂರಿಸಿದ್ದಾರೆ, ಅದರ ಮೇಲೆ ಬೆರಳು ಸವರಿದ್ರು. ಮತ್ತೆ ಕೂತು, ಎರಡೂ ಪಾದ ನೆಲಕ್ಕೆ ಊರಿ, ಕೈ ಕೊಡದೆ ತಾವೇ ಎದ್ದು ನಿಂತ್ರು. "ಅಡ್ಡಿಲ್ಲೆ. ಕಾಲ್ ನೆಲ್ಕ್ ತಾಗತ್ತ್" ಅಂದ್ರು. ಅಷ್ಟೇ. ಆದರೆ ಕಳೆದ ತಿಂಗಳು ನಾದಿನಿ ಬಂದಾಗ ಅವಳಿಗೆ ತಲೆಹಲಗೆಯ ಬಳ್ಳಿ ತೋರಿಸಿ, ಯಾವುದು ಮಾವು, ಯಾವುದು ಹಾಲೆ ಅಂತ ಅತ್ತೆಯೇ ವಿವರಿಸುತ್ತಿದ್ದದ್ದು ಅಡುಗೆ ಮನೆಗೆ ಕೇಳ್ತಿತ್ತು. ನಾದಿನಿ ಹೋಗುವಾಗ ನನ್ನ ಹತ್ತಿರ ಆಚಾರ್ರ ನಂಬರು ಕೇಳಿಕೊಂಡು ಹೋದಳು.

ಜೂನಿನಿಂದ ಸಪ್ಟಂಬರಿನವರೆಗೆ ಸುರಿದ ಮಳೆಯಲ್ಲಿ ನಾನು ವಾರಕ್ಕೊಮ್ಮೆ ಟಾರ್ಚು ಹಿಡಿದು ಅಡಿಗೆ ನೋಡ್ತಿದ್ದೆ. ತಲೆಹಲಗೆ ಉಬ್ಬಿ ಗಾಡಿ ತುಂಬಿತು, ಸೀಳಲಿಲ್ಲ. ಕುಟ್ಟೆಯ ಹುಡಿ ಎಲ್ಲೂ ಬೀಳಲಿಲ್ಲ. ಒಂದು ಅಡ್ಡಪಟ್ಟಿ ಮಾತ್ರ ಸ್ವಲ್ಪ ಕರಕರ ಅಂತಿತ್ತು, ಸ್ಕ್ರೂ ಒಂದು ಸುತ್ತು ಬಿಗಿದ ಮೇಲೆ ನಿಂತಿತು.

ಮನೆ ಕೆಲಸ ಮಾಡಿಸುವವರಿಗೆ ನನ್ನದೊಂದು ಮಾತು. ಸೆಂಟ್ರಿಂಗ್ ಬಿಚ್ಚಿದ ದಿನವೇ ಹಲಗೆಯನ್ನು ಒಲೆಗೆ, ಗುಜರಿಗೆ ಕಳಿಸಬೇಡಿ. ಮೊದಲು ಒಬ್ಬ ಆಚಾರ್ರನ್ನು ಕರೆದು ತೋರಿಸಿ. ಮಿಷನು ಬಂದ ಪೆಟ್ಟಿಗೆಯ ಪೈನ್ ಮರವೂ ಚೆಂದ ಬರ್ತದೆ. ಪರದೇಶದಿಂದ ಬಂದ ಪೆಟ್ಟಿಗೆಯಲ್ಲಿ ಗೋಧಿ ತೆನೆಯ ಮುದ್ರೆ ಇರ್ತದೆ, ಪಕ್ಕದಲ್ಲಿ ಎಚ್.ಟಿ. ಅಂತ ಇದ್ದರೆ ಬಿಸಿಯಲ್ಲಿ ಹುಳ ಕೊಂದದ್ದು, ತೊಂದರೆ ಇಲ್ಲ. ಎಂ.ಬಿ. ಅಂತ ಇದ್ದರೆ ವಿಷದ ಗ್ಯಾಸು ಕೊಟ್ಟದ್ದು, ಮನೆಯೊಳಗೆ ತರಬೇಡಿ.

ಮಂಚಕ್ಕೆ 11 ಹಲಗೆ ಹೋಗಿ ನಮ್ಮಲ್ಲಿ ಇನ್ನೂ 5 ಉಂಟು, ಚೆನ್ನಾಗಿ ಒಣಗಿದ್ದು. ಪಕ್ಕದ ಮನೆಯ ಅಕ್ಕ ಪುಸ್ತಕದ ಕಪಾಟಿಗೆ ಎರಡು ಕೇಳಿದ್ದಾರೆ. ಉಳಿದ ಮೂರು ಯಾರಿಗೆ ಬೇಕೋ ಬರುವ ಮಳೆಗಾಲದ ಮೊದಲು ಹೇಳಿ. ಹಲಗೆಗೆ ದುಡ್ಡು ಬೇಡ, ಆಚಾರ್ರ ಕೂಲಿಗೆ ಮಾತ್ರ ಚೌಕಾಸಿ ಮಾಡಬಾರದು, ಅಷ್ಟೇ ಶರತ್ತು.